ದಿನಾ ಹೊಲೀತಾಳೋ, ಈಗ ಹೊಲ್ಯಾಕತ್ತಾಳೋ?

ಹೋದ ರವಿವಾರ ಸಂಜೆ ನಮ್ಮ ಅಣ್ಣಿಗೇರಿಯ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಎದುರು ಮನೆಯ ಹುಡುಗಿ ಕೈಯಲ್ಲೊಂದು ಹಾಳೆ ಹಿಡಿದು ಬಂದಳು. ಪಿಯುಸಿ ಎರಡನೇ ವರ್ಷ, ಕಾಮರ್ಸ್. ಹುಬ್ಬಳ್ಳಿಯಲ್ಲಿ ವಿದ್ಯಾರ್ಥಿವೇತನಕ್ಕೆ ಸಂದರ್ಶನವಿದೆ, ತನ್ನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬೇಕಂತೆ. ವೇತನ ಸಿಕ್ಕರೆ ಬಿ.ಕಾಂ., ಸಿಗದಿದ್ದರೆ ಮುಂದೇನೋ ಗೊತ್ತಿಲ್ಲ ಎನ್ನುವ ಪರಿಸ್ಥಿತಿ ಅವರ ಮನೆಯದು.

‘ಅಜ್ಜಾರ, ತಪ್ಪಿದ್ರ ತಿದ್ರಿ’ ಎಂದಳು. ಓದಿದೆ.

‘ಮೈ ಫಾದರ್ ಈಸ್ ಗ್ರೋಯಿಂಗ್ ಕಾಟನ್ ಆಂಡ್ ಚಿಲ್ಲಿ. ಮೈ ಮದರ್ ಈಸ್ ಸ್ಟಿಚಿಂಗ್ ಬ್ಲೌಸಸ್. ಐ ಆಮ್ ಗೆಟಿಂಗ್ ಅಪ್ ಅಟ್ ಫೈವ್. ಐ ಆಮ್ ಹ್ಯಾವಿಂಗ್ ಒನ್ ಬ್ರದರ್. ಹೀ ಈಸ್ ವರ್ಕಿಂಗ್ ಇನ್ ಅ ಗ್ಯಾರೇಜ್ ಇನ್ ಹುಬ್ಬಳ್ಳಿ. ಐ ಆಮ್ ನೋಯಿಂಗ್ ಟೈಪಿಂಗ್.’

ನಾನು ಕೇಳಿದೆ: ‘ತಂಗಿ, ನಿಮ್ಮವ್ವ ಈಗ ಏನ್ ಮಾಡಾಕತ್ತಾಳ?’

‘ರೊಟ್ಟಿ ಬಡ್ಯಾಕತ್ತಾಳ್ರಿ.’

‘ಮತ್ತ ಇದರಾಗ ಬ್ಲೌಸ್ ಹೊಲ್ಯಾಕತ್ತಾಳ ಅಂತ ಬರದೀಯಲ್ಲ? ಒಂದ ಕೈಲೆ ರೊಟ್ಟಿ, ಒಂದ ಕೈಲೆ ಹೊಲಿಗಿ ಏನು?’

ಹುಡುಗಿ ನಕ್ಕಳು. ‘ಇಲ್ರಿ, ಅಕಿ ದಿನಾ ಹೊಲೀತಾಳ. ಈಗಲ್ಲ.’

ಅಲ್ಲಿಗೆ ಪಾಠದ ಅರ್ಧ ಮುಗಿಯಿತು. ಉಳಿದರ್ಧವನ್ನು ಈ ವಾರ ನಿಮ್ಮ ಮುಂದೆ ಇಡುತ್ತೇನೆ. ಎಂದಿನಂತೆ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಮಕ್ಕಳು ಗಟ್ಟಿಯಾಗಿ ಓದಲಿ, ಮನೆಯವರೂ ಕೇಳಲಿ.

ನಮ್ಮ ಧಾರವಾಡ ಸೀಮೆಯ ಮಾತಿನಲ್ಲಿ ‘ಹೊಲೀತಾಳ’ ಬೇರೆ, ‘ಹೊಲ್ಯಾಕತ್ತಾಳ’ ಬೇರೆ. ಯಾರೂ ಕಲಿಸದೆ ಮೂರು ವರ್ಷದ ಕೂಸಿಗೂ ಇದು ಗೊತ್ತು. ‘ಹೊಲಿಯಲಿಕ್ಕೆ ಹತ್ತಿದ್ದಾಳೆ’ ಎಂಬುದೇ ಉರುಳುರುಳಿ ‘ಹೊಲ್ಯಾಕತ್ತಾಳ’ ಆಗಿದೆ. ಕೆಲಸಕ್ಕೆ ಹತ್ತಿದ್ದಾಳೆ, ಈ ಗಳಿಗೆಯಲ್ಲಿ ಸೂಜಿ ದಾರ ಕೈಯಲ್ಲಿದೆ ಎಂದರ್ಥ. ಪುಸ್ತಕದ ಕನ್ನಡದಲ್ಲಿ ‘ಹೊಲಿಯುತ್ತಿದ್ದಾಳೆ’. ಇದು ಇಂಗ್ಲಿಷಿನ ‘ಈಸ್ ಸ್ಟಿಚಿಂಗ್’. ‘ಹೊಲೀತಾಳ’ ಎಂದರೆ ಅದು ಆಕೆಯ ರೂಢಿ, ಉದ್ಯೋಗ. ಈಗ ಆಕೆ ನಿದ್ದೆ ಮಾಡುತ್ತಿದ್ದರೂ ಆ ಮಾತು ಸುಳ್ಳಲ್ಲ. ಅದು ‘ಸ್ಟಿಚಸ್’. ಇದಕ್ಕೇ ಸಿಂಪಲ್ ಪ್ರೆಸೆಂಟ್ ಟೆನ್ಸ್ ಎನ್ನುವುದು.

ಹಾಗಾದರೆ ಮಾತಿನಲ್ಲಿ ತಪ್ಪದ ಮಕ್ಕಳು ಬರೆಯುವಾಗ ಏಕೆ ತಪ್ಪುತ್ತಾರೆ? ನನಗೆ ತೋರುವುದು ಎರಡು ಕಾರಣ. ಒಂದು, ಆ ಹೆಸರು. ಸಿಂಪಲ್ ಪ್ರೆಸೆಂಟ್ ಎಂದರೆ ವರ್ತಮಾನ ಕಾಲ ಎಂದು ನಾವು ಉರು ಹೊಡೆದಿದ್ದೇವೆ. ವರ್ತಮಾನ ಎಂದರೆ ‘ಈಗ’. ಈಗ ಎಂದ ಕೂಡಲೇ ಕೈ ತಾನಾಗಿ ‘ಈಸ್’ ಬರೆದು ‘ಇಂಗ್’ ಹಚ್ಚುತ್ತದೆ. ನಿಜ ಹೇಳಬೇಕೆಂದರೆ ಈ ಟೆನ್ಸಿನಲ್ಲಿ ‘ಈಗ’ ಎಂಬುದು ಬಹಳ ಕಡಿಮೆ. ನಿನ್ನೆ ಇತ್ತು, ಇವತ್ತು ಇದೆ, ನಾಳೆಯೂ ಇರುತ್ತದೆ ಎನ್ನುವ ಸಂಗತಿಗಳೇ ಇದರಲ್ಲಿ ಹೆಚ್ಚು. ಹೆಸರಿಟ್ಟವರು ‘ರೂಢಿ ಕಾಲ’ ಎಂದಿಟ್ಟಿದ್ದರೆ ಎಷ್ಟೋ ಮಕ್ಕಳ ಅಂಕ ಉಳಿಯುತ್ತಿದ್ದವು.

ಎರಡನೇ ಕಾರಣ ಹೆದರಿಕೆ. ಸಿಂಪಲ್ ಪ್ರೆಸೆಂಟ್ ಬಳಸಿದರೆ ‘ಎಸ್’ ಹಚ್ಚಬೇಕೋ ಬೇಡವೋ, ‘ಡೂ’ ಬರುತ್ತದೋ ‘ಡಸ್’ ಬರುತ್ತದೋ ಎಂಬ ತಾಪತ್ರಯ. ‘ಇಂಗ್’ ಹಚ್ಚಿಬಿಟ್ಟರೆ ಅದರಿಂದ ಪಾರು. ಆ ತಾಪತ್ರಯದ ಕಡೆ ಆಮೇಲೆ ಬರುತ್ತೇನೆ. ಮೊದಲು ಇದು ಎಲ್ಲೆಲ್ಲಿ ಬೇಕು ನೋಡೋಣ.

ನಮ್ಮ ಜಿಲ್ಲೆಯನ್ನೇ ಒಂದು ಸುತ್ತು ಹಾಕಿದರೆ ಉದಾಹರಣೆಗೆ ಬರವಿಲ್ಲ. ನವಲಗುಂದದ ಹೆಣ್ಣುಮಕ್ಕಳು ಜಮಖಾನ ನೇಯುತ್ತಾರೆ: ‘ವುಮೆನ್ ಇನ್ ನವಲಗುಂದ ವೀವ್ ಜಮಖಾನಾಸ್.’ ಕಲಘಟಗಿಯ ಬಡಿಗೇರರು ಬಣ್ಣದ ತೊಟ್ಟಿಲು ಮಾಡುತ್ತಾರೆ: ‘ಕಾರ್ಪೆಂಟರ್ಸ್ ಇನ್ ಕಲಘಟಗಿ ಮೇಕ್ ಕ್ರೇಡಲ್ಸ್.’ ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿಗೆ ಪ್ರತಿವರ್ಷ ಗಾಯಕರು ಬಂದು ಹಾಡುತ್ತಾರೆ: ‘ಸಿಂಗರ್ಸ್ ಕಮ್ ಟು ಕುಂದಗೋಳ ಎವ್ರಿ ಇಯರ್.’ ನೀವು ಇದನ್ನು ಓದುವ ಹೊತ್ತಿಗೆ ಕುಂದಗೋಳದಲ್ಲಿ ಯಾವ ಸಭೆಯೂ ಇಲ್ಲದಿರಬಹುದು. ವಾಕ್ಯ ಮಾತ್ರ ಸರಿ.

ಎಂದೂ ಬದಲಾಗದ ಸಂಗತಿಗೂ ಇದೇ ಬೇಕು. ಮಲಪ್ರಭಾ ಹೊಳೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ: ‘ದಿ ಮಲಪ್ರಭಾ ರೈಸಸ್ ಅಟ್ ಕಣಕುಂಬಿ ಆಂಡ್ ಜಾಯಿನ್ಸ್ ದಿ ಕೃಷ್ಣಾ ಅಟ್ ಕೂಡಲಸಂಗಮ.’ ಇಲ್ಲಿ ಯಾರಾದರೂ ‘ಈಸ್ ಜಾಯಿನಿಂಗ್’ ಎಂದು ಬರೆದರೆ, ಹೊಳೆ ಇದೇ ಈಗ ದಾರಿ ಹುಡುಕಿಕೊಂಡು ಹೋಗಿ ಸೇರಿತೇನೋ ಅನ್ನಿಸುತ್ತದೆ.

ಇನ್ನು ಮನಸ್ಸಿನೊಳಗಿನ ಕ್ರಿಯೆಗಳು. ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ಬಿಲೀವ್, ರಿಮೆಂಬರ್. ಇವುಗಳ ಜೊತೆಗೆ ‘ನನ್ನ ಹತ್ತಿರ ಇದೆ’ ಎನ್ನುವ ಅರ್ಥದ ಹ್ಯಾವ್. ಇವಕ್ಕೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ‘ಐ ಆಮ್ ನೋಯಿಂಗ್’ ಅಲ್ಲ, ‘ಐ ನೋ’. ‘ಐ ಆಮ್ ಹ್ಯಾವಿಂಗ್ ಒನ್ ಬ್ರದರ್’ ಅಲ್ಲ, ‘ಐ ಹ್ಯಾವ್ ಒನ್ ಬ್ರದರ್’. ಇಲ್ಲಿಯೂ ನಮ್ಮ ಮಾತನ್ನೇ ಕೇಳಿ ನೋಡಿ. ‘ನನಗ ಟೈಪಿಂಗ್ ಬರತೈತಿ’ ಎನ್ನುತ್ತೇವೆ. ‘ನನಗ ಟೈಪಿಂಗ್ ಬರಾಕತ್ತೈತಿ’ ಎಂದರೆ ಈಗೀಗ ಕಲಿಯುತ್ತಿದ್ದೇನೆ, ಇನ್ನೂ ಪೂರ್ತಿ ಬಂದಿಲ್ಲ ಎಂದಾಗುತ್ತದೆ. ಸಂದರ್ಶನದಲ್ಲಿ ಹಾಗೆ ಹೇಳಿದರೆ ನಷ್ಟ ಯಾರಿಗೆ? (ಊಟದ ಮಾತು ಬೇರೆ. ‘ಐ ಆಮ್ ಹ್ಯಾವಿಂಗ್ ಲಂಚ್’ ಎನ್ನಬಹುದು, ಏಕೆಂದರೆ ಅಲ್ಲಿ ಹ್ಯಾವ್ ಎಂದರೆ ಉಣ್ಣುವುದು.)

ಬಸ್ಸು, ರೈಲು, ಶಾಲೆ, ಪರೀಕ್ಷೆಗಳ ವೇಳಾಪಟ್ಟಿಗೂ ಇದು ಸಾಕು. ‘ನಾಳೆ ಬಸ್ಸು ಆರಕ್ಕೆ ಬಿಡತೈತಿ’ ಎಂಬುದಕ್ಕೆ ‘ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’. ಕನ್ನಡದಲ್ಲಿ ‘ಬಿಡುತ್ತದೆ’ ಎಂಬುದು ಇವತ್ತಿಗೂ ಆಗುತ್ತದೆ, ನಾಳೆಗೂ ಆಗುತ್ತದೆ. ಆದರೆ ಇದನ್ನು ಅತಿ ಮಾಡಬೇಡಿ. ‘ನಾಳೆ ಅವಗ ಫೋನ್ ಮಾಡತೇನಿ’ ಎಂಬುದಕ್ಕೆ ‘ಐ ಕಾಲ್ ಹಿಮ್ ಟುಮಾರೋ’ ಎಂದರೆ ನಡೆಯುವುದಿಲ್ಲ, ‘ಐ ವಿಲ್ ಕಾಲ್’ ಎನ್ನಬೇಕು. ಗೋಡೆಯ ಮೇಲೆ ಹಚ್ಚಿದ ವೇಳಾಪಟ್ಟಿಯಂಥ ಗಟ್ಟಿ ಸಂಗತಿಗಷ್ಟೇ ನಾಳೆಯ ಲೆಕ್ಕದಲ್ಲಿ ಸಿಂಪಲ್ ಪ್ರೆಸೆಂಟ್.

ಕಾಲಗಳ ಈ ಗೊಂದಲ ಇಂಗ್ಲಿಷಿನದಷ್ಟೇ ಅಲ್ಲ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡದ ಕ್ರಿಯಾಪದಗಳನ್ನು ಬಿಡಿಸಿ ಇಟ್ಟಿದ್ದಾನೆ. ಹಳಗನ್ನಡದಲ್ಲಿ ವರ್ತಮಾನಕ್ಕೆ ‘ದಪ’ ಎಂಬ ಪ್ರತ್ಯಯವಿತ್ತು, ‘ನೋಡಿದಪಂ’ ಎಂದರೆ ನೋಡುತ್ತಾನೆ. ಇವತ್ತು ನಮಗದು ‘ನೋಡಿದನು’ ಎಂದು ಕೇಳಿಸುತ್ತದೆ! ನಮ್ಮ ಭಾಷೆಯೇ ಇಷ್ಟು ಹೊರಳಿರುವಾಗ ಪರಭಾಷೆಯಲ್ಲಿ ಮಗು ಒಂದೆರಡು ಸಲ ಎಡವಿದರೆ ಗದರುವುದೇಕೆ? ನಮ್ಮ ಹುಬ್ಬಳ್ಳಿ ಧಾರವಾಡದಲ್ಲಿ ಇದ್ದು ಕೆಲಸ ಮಾಡಿದ ಕಿಟೆಲ್ ಸಾಹೇಬರು 1894ರಲ್ಲಿ ನಿಘಂಟು, 1903ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದರು. ಜರ್ಮನಿಯಿಂದ ಬಂದ ಅವರೂ ಮೊದಮೊದಲು ‘ಮಾಡುತ್ತಾನೆ, ಮಾಡುತ್ತಾಳೆ’ಗಳಲ್ಲಿ ಎಡವಿರಲೇಬೇಕು ಎಂದು ನನ್ನ ಊಹೆ.

ಈಗ ‘ಎಸ್’ ಎಂಬ ತಾಪತ್ರಯಕ್ಕೆ ಬರೋಣ. ಕನ್ನಡದ ಮಗುವಿಗೆ ಇದು ಕಷ್ಟವಾಗಬಾರದು. ಲೆಕ್ಕ ಹಾಕಿ: ಮಾಡುತ್ತೇನೆ, ಮಾಡುತ್ತೇವೆ, ಮಾಡುತ್ತೀ, ಮಾಡುತ್ತೀರಿ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತಾರೆ, ಮಾಡುತ್ತದೆ, ಮಾಡುತ್ತವೆ. ಒಂಬತ್ತು ಬಾಲ! ಇಂಗ್ಲಿಷಿನಲ್ಲಿ ಎರಡೇ ರೂಪ, ವರ್ಕ್ ಮತ್ತು ವರ್ಕ್ಸ್. ಐ, ಯೂ, ವೀ, ದೇ ಬಂದರೆ ವರ್ಕ್. ಹೀ, ಶೀ, ಇಟ್ ಅಥವಾ ಒಬ್ಬ ವ್ಯಕ್ತಿ, ಒಂದು ವಸ್ತು ಬಂದರೆ ವರ್ಕ್ಸ್. ಒಂಬತ್ತು ಸಂಭಾಳಿಸುವವರಿಗೆ ಎರಡು ಯಾವ ಲೆಕ್ಕ?

ಆದರೂ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ಮರ್ಯಾದೆ. ನಾವು ‘ಸರ್ ಬರತಾರ’, ‘ಅಜ್ಜಾರು ಪೇಪರ್ ಓದತಾರ’ ಎನ್ನುತ್ತೇವೆ. ಒಬ್ಬರೇ ಆದರೂ ಮರ್ಯಾದೆಗೆ ಬಹುವಚನ. ಆ ಅಭ್ಯಾಸದಲ್ಲಿ ಮಗು ‘ಅವರ್ ಸರ್ ಕಮ್’, ‘ಮೈ ಗ್ರ್ಯಾಂಡ್‌ಫಾದರ್ ರೀಡ್’ ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಒಬ್ಬರೆಂದರೆ ಒಬ್ಬರೇ, ಪ್ರಧಾನಮಂತ್ರಿಯಾದರೂ ಸರಿ, ನಿಮ್ಮ ಅಜ್ಜನಾದರೂ ಸರಿ. ‘ಅವರ್ ಸರ್ ಕಮ್ಸ್’, ‘ಮೈ ಗ್ರ್ಯಾಂಡ್‌ಫಾದರ್ ರೀಡ್ಸ್’. ‘ಎಸ್’ ಹಚ್ಚಿದರೆ ಅಜ್ಜನಿಗೆ ಸಿಟ್ಟು ಬರುವುದಿಲ್ಲ, ನಾನೇ ಸಾಕ್ಷಿ.

ಎರಡನೆಯದು, ಹೆಸರಿನ ‘ಎಸ್’ ಮತ್ತು ಕ್ರಿಯೆಯ ‘ಎಸ್’ ಕೂಡಿ ಹೋಗುವುದು. ಹೆಸರಿಗೆ ‘ಎಸ್’ ಹಚ್ಚಿದರೆ ಬಹುವಚನ, ಕ್ರಿಯೆಗೆ ಹಚ್ಚಿದರೆ ಏಕವಚನ. ‘ದಿ ಗೋಟ್ ಈಟ್ಸ್’ ಎಂದರೆ ಒಂದು ಆಡು ತಿನ್ನುತ್ತದೆ. ‘ದಿ ಗೋಟ್ಸ್ ಈಟ್’ ಎಂದರೆ ಆಡುಗಳು ತಿನ್ನುತ್ತವೆ. ಸಾಮಾನ್ಯವಾಗಿ ‘ಎಸ್’ ಇಬ್ಬರಲ್ಲಿ ಒಬ್ಬರ ಹತ್ತಿರ ಇರುತ್ತದೆ. ಚಿಲ್ಡ್ರನ್, ಮೆನ್, ವುಮೆನ್ ಎಂಬಂಥವು ‘ಎಸ್’ ಇಲ್ಲದೆಯೇ ಬಹುವಚನ, ಅವುಗಳ ಮುಂದೆ ಕ್ರಿಯೆಗೂ ‘ಎಸ್’ ಬೇಡ.

ಡಸ್ ಬಂದಾಗ ಏನಾಗುತ್ತದೆ? ಇದಕ್ಕೆ ನನ್ನ ಬ್ಯಾಂಕಿನ ಕೌಂಟರಿನದೇ ಒಂದು ಹೋಲಿಕೆ ಕೊಡುತ್ತೇನೆ. ಹಿಂದೆ ಚೆಕ್ ಕೊಟ್ಟವರಿಗೆ ನಾವು ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಆ ನಂಬರು ಕೂಗಿದಾಗ ಟೋಕನ್ ಕ್ಯಾಷಿಯರನ ಕೈಗೆ ಹೋಗಬೇಕು, ರೊಕ್ಕ ನಿಮ್ಮ ಕೈಗೆ ಬರಬೇಕು. ಟೋಕನ್ ಒಂದೇ, ಅದು ಒಂದೇ ಹೊತ್ತಿಗೆ ಎರಡು ಕೈಯಲ್ಲಿ ಇರಲು ಬರುವುದಿಲ್ಲ. ‘ಎಸ್’ ಎಂಬುದು ಆ ಟೋಕನ್. ‘ಹೀ ವರ್ಕ್ಸ್’ ಎಂಬಲ್ಲಿ ಅದು ವರ್ಕ್‌ನ ಕೈಯಲ್ಲಿದೆ. ‘ಡಸ್ ಹೀ ವರ್ಕ್?’ ಎಂದು ಕೇಳಿದಾಗ ಡಸ್ ಅದನ್ನು ಇಸಿದುಕೊಂಡಿತು, ವರ್ಕ್‌ನ ಕೈ ಖಾಲಿ. ‘ಡಸ್ ಹೀ ವರ್ಕ್ಸ್?’ ಎಂದರೆ ಒಂದೇ ಚೆಕ್ಕಿಗೆ ಎರಡು ಟೋಕನ್ ಆದಂತೆ. ಸಂಜೆ ಲೆಕ್ಕ ತಾಳೆ ಆಗುವುದಿಲ್ಲ.

ಇಲ್ಲ ಎನ್ನುವಾಗಲೂ ಹೀಗೆಯೇ. ನಮ್ಮ ಭಾಗದ ‘ಕುಡಿಯಂಗಿಲ್ಲ’ ಎಂಬ ಮಾತು ಇದಕ್ಕೆ ತಕ್ಕ ಜೋಡಿ. ‘ಅಂವ ಚಹಾ ಕುಡದಿಲ್ಲ’ ಎಂದರೆ ಇವತ್ತು ಕುಡಿದಿಲ್ಲ. ‘ಅಂವ ಚಹಾ ಕುಡಿಯಂಗಿಲ್ಲ’ ಎಂದರೆ ಎಂದೂ ಕುಡಿಯುವುದಿಲ್ಲ, ಅವನಿಗೆ ಆ ರೂಢಿಯೇ ಇಲ್ಲ: ‘ಹೀ ಡಸ್ ನಾಟ್ ಡ್ರಿಂಕ್ ಟೀ.’ ಆದರೆ ಒಂದು ಫರಕು ನೋಡಿ. ನಾ ಕುಡಿಯಂಗಿಲ್ಲ, ಅಕಿ ಕುಡಿಯಂಗಿಲ್ಲ, ಅವರು ಕುಡಿಯಂಗಿಲ್ಲ, ಎಲ್ಲರಿಗೂ ಒಂದೇ. ‘ಇಲ್ಲ’ ಎನ್ನುವಾಗ ಕನ್ನಡ ತನ್ನ ಒಂಬತ್ತು ಬಾಲಗಳನ್ನೂ ಕಳಚಿ ಇಡುತ್ತದೆ. ಇಂಗ್ಲಿಷ್ ಕಳಚುವುದಿಲ್ಲ. ಐ ಡೋಂಟ್, ಶೀ ಡಸಂಟ್, ದೇ ಡೋಂಟ್. ‘ಶೀ ಡೋಂಟ್’ ಎಂದು ನಮ್ಮ ಮಕ್ಕಳು ಬರೆಯುವುದರ ಗುಟ್ಟು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಉಳಿದ ಸಣ್ಣಪುಟ್ಟವನ್ನು ಪುಸ್ತಕದಲ್ಲಿ ನೋಡಿಕೊಳ್ಳಿ. ವಾಷ್, ಟೀಚ್, ಗೋ ಇಂಥವಕ್ಕೆ ‘ಇಎಸ್’. ಕ್ಯಾರಿಯ ‘ವೈ’ ಹೋಗಿ ‘ಐಇಎಸ್’ ಬರುತ್ತದೆ, ಪ್ಲೇಯ ‘ವೈ’ ಹೋಗುವುದಿಲ್ಲ. ಹ್ಯಾವ್ ಇದ್ದದ್ದು ಹ್ಯಾಸ್ ಆಗುತ್ತದೆ. ‘ಐ ಆಮ್ ಗೋ ಟು ಸ್ಕೂಲ್’ ಎಂದು ಮಾತ್ರ ಬರೆಯಬೇಡಿ. ‘ಐ ಗೋ’ ಇಲ್ಲವೆ ‘ಐ ಆಮ್ ಗೋಯಿಂಗ್’, ಆಮ್ ಮತ್ತು ಬರೀ ಗೋ ಒಂದು ನೊಗಕ್ಕೆ ಕಟ್ಟುವ ಎತ್ತುಗಳಲ್ಲ.

ಎತ್ತು ಎಂದ ಕೂಡಲೇ ನನಗೆ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಆ ಹುಡುಗಿಗೂ ಹೇಳಿದೆ, ನಿಮಗೂ ಹೇಳುತ್ತೇನೆ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ಹಳ್ಳಿಗಳಲ್ಲಿ ಶಾಖೆಗಳು ತೆರೆದವು. ಬಿ.ಕಾಂ. ಮುಗಿಸಿ ನಾನು ಗುಮಾಸ್ತನಾಗಿ ಸೇರಿದ್ದು ಆ ಕಾಲದಲ್ಲಿ. ಲೆಡ್ಜರಿನ ಇಂಗ್ಲಿಷ್ ಬರುತ್ತಿತ್ತು, ವಾಕ್ಯದ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಂಬತ್ತರ ದಶಕದ ಮೊದಲಲ್ಲಿ ನವಲಗುಂದ ತಾಲೂಕಿನ ಒಂದು ಶಾಖೆಯಲ್ಲಿದ್ದೆ. ಎರೆ ಭೂಮಿಯ ಒಬ್ಬ ರೈತ ಒಂದು ಜೋಡಿ ಎತ್ತಿಗೆ ಸಾಲ ಕೇಳಿದ್ದರು. ಪ್ರತಿವರ್ಷ ಬೆಳೆಸಾಲ ತೆಗೆದುಕೊಂಡು ಸುಗ್ಗಿಗೆ ತಪ್ಪದೆ ಕಟ್ಟುವ ಮನುಷ್ಯ. ಮ್ಯಾನೇಜರರು ಮೇಲಿನ ಕಚೇರಿಗೆ ಕಾಗದ ಬರೆಯಲು ನನಗೆ ಹೇಳಿದರು. ನಾನು ಬಹಳ ಹುರುಪಿನಿಂದ ಬರೆದೆ: ‘ದಿ ಪಾರ್ಟಿ ಈಸ್ ರಿಪೇಯಿಂಗ್ ಹಿಸ್ ಕ್ರಾಪ್ ಲೋನ್.’ ಗಡಿಬಿಡಿಯಲ್ಲಿ ಮ್ಯಾನೇಜರರು ಸಹಿ ಹಾಕಿದರು.

ನನ್ನ ಮನಸ್ಸಿನಲ್ಲಿದ್ದದ್ದು ‘ಅಂವ ಸಾಲ ಕಟ್ಟತಾನ’ ಎಂಬ ಮಾತು. ಕಾಗದದಲ್ಲಿ ಹೋದದ್ದು ‘ಅಂವ ಸಾಲ ಕಟ್ಟಾಕತ್ತಾನ’ ಎಂಬ ಮಾತು. ಮೇಲಿನವರು ಅದನ್ನು ಬರೆದಂತೆಯೇ ಓದಿದರು. ಹಳೆಯ ಸಾಲ ಇನ್ನೂ ಕಟ್ಟುತ್ತಿದ್ದಾನೆಂದರೆ ಬಾಕಿ ಎಷ್ಟು, ಯಾವಾಗಿನದು, ವಿವರ ಕಳಿಸಿ ಎಂದು ತಿರುಗಿ ಕಾಗದ ಬಂತು. ಆಗ ಎಲ್ಲವೂ ಟಪಾಲಿನಲ್ಲಿ. ನಾವು ಉತ್ತರ ಬರೆದು, ಅವರು ಒಪ್ಪಿ, ಮಂಜೂರಿ ಬರುವುದರೊಳಗೆ ಮುಂಗಾರಿನ ಹೆಸರು ಬಿತ್ತುವ ಹದ ದಾಟಿತ್ತು. ಆ ಮನುಷ್ಯ ಬಾಡಿಗೆ ಎತ್ತಿನಿಂದ ಅರ್ಧ ಹೊಲ ಬಿತ್ತಿದರು, ಅರ್ಧ ಹಾಗೆಯೇ ಬಿಟ್ಟರು. ಎತ್ತು ಬಂದದ್ದು ಹಿಂಗಾರಿಗೆ.

ಮುಂದೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಆ ಫೈಲು ತೆರೆದು, ‘ಈಸ್ ರಿಪೇಯಿಂಗ್’ ಎಂಬುದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಮೇಲೆ ‘ರಿಪೇಸ್’ ಎಂದು ಬರೆದರು. ಬೈಯಲಿಲ್ಲ. ಕಾಗದ ನನ್ನ ಕಡೆ ತಿರುಗಿಸಿ ಇಟ್ಟರು, ಅಷ್ಟೆ. ‘ಹೀ ರಿಪೇಸ್ ಹಿಸ್ ಕ್ರಾಪ್ ಲೋನ್ ಎವ್ರಿ ಇಯರ್’ ಎಂದು ಬರೆದಿದ್ದರೆ ಮುಗಿದಿತ್ತು.

ಆ ರೈತನಿಗೆ ಇದೇನೂ ಗೊತ್ತಾಗಲಿಲ್ಲ. ಹಿಂಗಾರಿಯ ಕಡಲೆ ಬಂದಾಗ ಒಂದು ಚೀಲ ಸುಲಗಾಯಿ ತಂದು ನನ್ನ ಮೇಜಿನ ಪಕ್ಕ ಇಟ್ಟು, ‘ನಿಮ್ಮಿಂದ ಎತ್ತು ಬಂದ್ವು ಸಾಹೇಬ್ರ’ ಎಂದರು. ಹೇಳಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ. ಸುಲಗಾಯಿಯನ್ನು ಮನೆಗೂ ಒಯ್ಯಲಿಲ್ಲ, ಶಾಖೆಯವರಿಗೆಲ್ಲ ಹಂಚಿದೆ. ಇವತ್ತಿಗೂ ಸಂತೆಯಲ್ಲಿ ಹಸಿ ಕಡಲೆ ಕಂಡರೆ ನನಗೆ ಆ ಪೆನ್ಸಿಲ್ ಗೆರೆ ಕಾಣುತ್ತದೆ.

ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ಹಾಳೆ ತಿದ್ದಲು ಕುಳಿತೆವು. ‘ಮೈ ಫಾದರ್ ಗ್ರೋಸ್ ಕಾಟನ್ ಆಂಡ್ ಚಿಲ್ಲಿ. ಮೈ ಮದರ್ ಸ್ಟಿಚಸ್ ಬ್ಲೌಸಸ್. ಐ ಗೆಟ್ ಅಪ್ ಅಟ್ ಫೈವ್. ಐ ಹ್ಯಾವ್ ಒನ್ ಬ್ರದರ್.’ ನಾನು ಹೇಳುವ ಮೊದಲೇ ಅವಳೇ ‘ಇಂಗ್’ ಹೊಡೆದು ಹಾಕುತ್ತಿದ್ದಳು. ಮುಂದಿನ ಸಾಲಿಗೆ ಬಂದಾಗ ನಾನು ಪೆನ್ನು ಇಸಿದುಕೊಂಡು ‘ಹೀ ವರ್ಕ್ಸ್ ಇನ್ ಅ ಗ್ಯಾರೇಜ್’ ಎಂದು ಬರೆಯಹೋದೆ. ಅವಳು ಹಾಳೆಯ ಮೇಲೆ ಕೈ ಇಟ್ಟಳು.

‘ಅಜ್ಜಾರ, ವರ್ಕ್ಸ್ ಅಂದ್ರ ಖಾಯಂ ಆತಲ್ರಿ?’

‘ಹೌದು.’

‘ಹಂಗಾರ ಅದು ಬ್ಯಾಡ್ರಿ. ಹ್ವಾದ ವರ್ಷ ಹತ್ತಿ ಹೋತಂತ ಅಂವ ಐಟಿಐ ಬಿಟ್ಟು ಗ್ಯಾರೇಜಿಗೆ ಹೋಗಾಕತ್ತಾನ. ಈ ವರ್ಷ ಅಷ್ಟ. ಮುಂದಿನ ವರ್ಷ ಮತ್ತ ಐಟಿಐಗೆ ಹೋಗತಾನ.’

ಅವಳು ಹೇಳಿದ್ದೇ ಸರಿ. ಸದ್ಯದ ಮಟ್ಟಿಗೆ ನಡೆದಿರುವ, ಮುಂದೆ ಬದಲಾಗುವ ಕೆಲಸಕ್ಕೆ ‘ಇಂಗ್’ ರೂಪವೇ ಬೇಕು. ಆ ಒಂದು ಸಾಲನ್ನು ಹಾಗೆಯೇ ಉಳಿಸಿ, ಕೊನೆಗೆ ಅವಳೇ ‘ದಿಸ್ ಇಯರ್’ ಎಂದು ಸೇರಿಸಿದಳು. ಸಂದರ್ಶನ ಬರುವ ಸೋಮವಾರ.

ಈ ವಾರ ನಿಮಗೆ ಐದು ವಾಕ್ಯ. ಇಂಗ್ಲಿಷಿಗೆ ತಿರುಗಿಸಿ ನೋಟಿನಲ್ಲಿ ಬರೆದಿಡಿ, ಉತ್ತರ ಮುಂದಿನ ವಾರ. ನಮ್ಮ ಎಮ್ಮಿ ದಿನಾ ಆರು ಲೀಟರ್ ಹಾಲು ಕೊಡತೈತಿ. ಅಜ್ಜ ಟಿವಿ ನೋಡಾಕತ್ತಾನ. ಅಕ್ಕ ಚಹಾ ಕುಡಿಯಂಗಿಲ್ಲ. ನಿಮ್ಮ ಮಾಮಾ ಎಲ್ಲಿ ಇರತಾರ? ನಾಳೆ ಪರೀಕ್ಷಾ ಹತ್ತಕ್ಕ ಚಾಲೂ ಆಗತೈತಿ. ನಾಲ್ಕನೆಯದರಲ್ಲಿ ಟೋಕನ್ ಯಾರ ಕೈಯಲ್ಲಿದೆ ಎಂದು ನೋಡಿಕೊಂಡು ಬರೆಯಿರಿ.